ಎರಡು ಅಂಕದ ಆಲೂಗಡ್ಡೆ

ಪ್ರಥಮ ಪಿಯುಸಿಯ ಮೊದಲ ಟೆಸ್ಟಿನಲ್ಲಿ ನನಗೆ ಬಯಾಲಜಿಯಲ್ಲಿ ಬಂದದ್ದು 25ಕ್ಕೆ 4. ಅದಕ್ಕೆ ಮೂರು ತಿಂಗಳ ಹಿಂದೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ವಿಜ್ಞಾನದಲ್ಲಿ 88 ಇತ್ತು. ನಮ್ಮ ಹೈಸ್ಕೂಲಿನ ಹೊರಗೋಡೆಯ ಬೋರ್ಡಿನ ಮೇಲೆ ನನ್ನ ಹೆಸರು, ಅಂಕ ಎರಡನ್ನೂ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆ ಹಿಡಿದು ಅಳಿಸಿಹೋಗುವವರೆಗೂ ಅದು ಅಲ್ಲೇ ಇತ್ತು.

ನಮ್ಮದು ಅರಕಲಗೂಡು ಕಡೆಯ ಹಳ್ಳಿ. ಎರಡು ಎಕರೆಯಲ್ಲಿ ಮುಂಗಾರಿಗೆ ಆಲೂಗಡ್ಡೆ, ಅದನ್ನು ಕಿತ್ತ ಮೇಲೆ ರಾಗಿಯೋ ಜೋಳವೋ. ಸೈನ್ಸ್ ತಗೋ ಎಂದು ಮೊದಲು ಹೇಳಿದವರು ಯಾರೆಂದು ಈಗ ನೆನಪಿಲ್ಲ, ಎಲ್ಲರೂ ಹೇಳಿದರು. ಅಂಕ ಇದ್ದರೆ ಸೈನ್ಸ್, ಸೈನ್ಸ್ ಅಂದರೆ ಡಾಕ್ಟರ್. ಊರಿನ ಲೆಕ್ಕ ಅಷ್ಟೇ. 2014ರ ಬೇಸಿಗೆಯ ಕೊನೆಯಲ್ಲಿ ಅಪ್ಪ ಹಾಸನದ ಕಾಲೇಜೊಂದರಲ್ಲಿ ನನಗೆ ಪಿಸಿಎಂಬಿ ಸೀಟು ಹಿಡಿದ. ಅದೇ ವಾರ ಎಪಿಎಂಸಿಗೆ ಹೋಗಿ ಜಲಂಧರದಿಂದ ಬಂದ ಕುಫ್ರಿ ಜ್ಯೋತಿ ಬಿತ್ತನೆ ಗಡ್ಡೆ ಕೊಂಡ. ಫೀಸಿಗೂ ಗಡ್ಡೆಗೂ ಸಾಲ ತಂದದ್ದು ಒಬ್ಬರ ಹತ್ತಿರವೇ.

ಮೊದಲ ದಿನ ಬಾಟನಿ ಸರ್ ಬಂದರು, ಬೋರ್ಡಿನ ಮೇಲೆ ಮಾರ್ಫಾಲಜಿ ಎಂದು ಬರೆದರು, ನೋಟ್ಸ್ ಹೇಳತೊಡಗಿದರು. ಪುಸ್ತಕ ಎನ್‌ಸಿಇಆರ್‌ಟಿಯದು, ಇಪ್ಪತ್ತೆರಡು ಅಧ್ಯಾಯ, ಪೂರಾ ಇಂಗ್ಲಿಷ್. ಥಿಯರಿಗೆ 70 ಅಂಕ, ಪ್ರಾಕ್ಟಿಕಲ್‌ಗೆ 30 ಎಂಬುದೊಂದನ್ನು ಹೇಳಿದರು. ಅದನ್ನು ಹೇಗೆ ಓದಬೇಕು, ಮನೆಯಲ್ಲಿ ಏನು ಮಾಡಿಕೊಂಡು ಬರಬೇಕು, ಪರೀಕ್ಷೆಯಲ್ಲಿ ನಮ್ಮಿಂದ ಏನು ಕೇಳುತ್ತಾರೆ ಎಂಬುದು ಯಾರ ಬಾಯಿಂದಲೂ ಬರಲಿಲ್ಲ. ಗೊತ್ತಿರುತ್ತದೆ ಅಂದುಕೊಂಡಿದ್ದರೋ ಏನೋ.

ಸರ್ ಹೇಳುವ ವೇಗಕ್ಕೆ ನನ್ನ ಕೈ ಇಂಗ್ಲಿಷಿನಲ್ಲಿ ಓಡುತ್ತಿರಲಿಲ್ಲ. ಕಿವಿಗೆ ಬಿದ್ದದ್ದನ್ನು ಕನ್ನಡ ಅಕ್ಷರದಲ್ಲೇ ಗೀಚಿಕೊಳ್ಳುತ್ತಿದ್ದೆ: ಅಡ್ವೆಂಟೀಷಿಯಸ್, ಇನ್‌ಫ್ಲೋರೆಸೆನ್ಸ್. ರಾತ್ರಿ ಹಾಸ್ಟೆಲಿನಲ್ಲಿ ಕೂತು ಅದನ್ನು ಪುಸ್ತಕದ ಸ್ಪೆಲಿಂಗಿಗೆ ಹೊಂದಿಸಲು ಹೋದರೆ ಒಂದು ಪುಟಕ್ಕೆ ಎರಡು ಗಂಟೆ. ನನಗೆ ಜೀವಕೋಶ ಗೊತ್ತಿತ್ತು, ಸೆಲ್ ಗೊತ್ತಿರಲಿಲ್ಲ. ಪತ್ರಹರಿತ್ತು ಗೊತ್ತಿತ್ತು, ಕ್ಲೋರೋಫಿಲ್ ಗೊತ್ತಿರಲಿಲ್ಲ. ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದವಳು, ಫೋಟೋಸಿಂಥೆಸಿಸ್ ಅಂದಾಗ ಯಾವುದೋ ಫೋಟೋ ತೆಗೆಯುವ ವಿಚಾರ ಅಂದುಕೊಂಡೆ.

ಹಾಗಾಗಿ ಗೊತ್ತಿದ್ದ ಒಂದೇ ದಾರಿ ಹಿಡಿದೆ, ಉರು ಹೊಡೆದೆ. ಹಾಸ್ಟೆಲಿನ ಕೋಣೆಯಲ್ಲಿ ಹತ್ತು ಜನ, ಹತ್ತೂವರೆಗೆ ಲೈಟು ಆರಿಸುತ್ತಿದ್ದರು. ಮೆಟ್ಟಿಲಿನ ಮೇಲಿನ ಬಲ್ಬು ಮಾತ್ರ ಉರಿಯುತ್ತಿತ್ತು. ಅದರ ಕೆಳಗೆ ಕೂತು ಸರ್ ಕೊಟ್ಟ ವಾಕ್ಯಗಳನ್ನು ಇಪ್ಪತ್ತು ಸಲ, ಮೂವತ್ತು ಸಲ ಹೇಳಿಕೊಳ್ಳುತ್ತಿದ್ದೆ. ಮುಖ್ಯವಾದುದರ ಕೆಳಗೆ ಕೆಂಪು ಗೆರೆ ಎಳೆಯಬೇಕೆಂದು ಯಾರೋ ಹೇಳಿದ್ದರು. ಯಾವುದು ಮುಖ್ಯ ಎಂದು ತಿಳಿಯದೆ ಎಲ್ಲದರ ಕೆಳಗೂ ಎಳೆದೆ. ಅರ್ಥವಾಗದ ವಾಕ್ಯದಲ್ಲಿ ಒಂದು ಪದ ಮರೆತರೆ ಮುಂದಿನದೆಲ್ಲ ಹೋಗುತ್ತಿತ್ತು. ಹಿಂದಿನ ರಾತ್ರಿ ಬಾಯಿಪಾಠ ಬಂದದ್ದು ಬೆಳಿಗ್ಗೆ ಉಪ್ಪಿಟ್ಟು ತಿನ್ನುವಷ್ಟರಲ್ಲಿ ಅರ್ಧ ಉಳಿದಿರುತ್ತಿತ್ತು.

ಆಗಸ್ಟಿನಲ್ಲಿ ಟೆಸ್ಟು. ಎರಡು ಅಂಕದ ಪ್ರಶ್ನೆಯೊಂದು ಹೀಗಿತ್ತು: ಪೊಟ್ಯಾಟೊ ಈಸ್ ಎ ಸ್ಟೆಮ್. ಜಸ್ಟಿಫೈ. ಪೊಟ್ಯಾಟೊ ಗೊತ್ತು, ಸ್ಟೆಮ್ ಅಂದರೆ ಕಾಂಡ ಅಂತಲೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಜಸ್ಟಿಫೈ ಗೊತ್ತಿರಲಿಲ್ಲ. ನೋಟ್ಸಿನಲ್ಲಿ ಆ ಪದ ಎಲ್ಲೂ ಬಂದಿರಲಿಲ್ಲ, ಆದ್ದರಿಂದ ಅದರ ಉತ್ತರವೂ ಬಂದಿರಲಾರದು ಅಂದುಕೊಂಡು ಜಾಗ ಖಾಲಿ ಬಿಟ್ಟೆ.

ಪೇಪರು ಕೊಡುವಾಗ ಸರ್ ನನ್ನ ಮುಖ ನೋಡಿದರು. "ಕನ್ನಡ ಮೀಡಿಯಮ್ಮಾ? ಆರ್ಟ್ಸ್ ತಗೊಂಡಿದ್ರೆ ಆಗ್ತಿರ್ಲಿಲ್ವೇನಮ್ಮ? ಇನ್ನೂ ಟೈಮಿದೆ, ಯೋಚ್ನೆ ಮಾಡು." ಸಿಟ್ಟಿನಿಂದ ಹೇಳಿದ್ದಲ್ಲ. ಬುದ್ಧಿ ಹೇಳುತ್ತಿದ್ದೇನೆ ಎಂದೇ ಅವರು ನಂಬಿದ್ದರು. ನಮ್ಮ ಸೆಕ್ಷನ್ನಿನಲ್ಲಿ ಕನ್ನಡ ಮಾಧ್ಯಮದಿಂದ ಬಂದವರು ಎಂಟು ಜನ. ಗಣೇಶನ ಹಬ್ಬ ಕಳೆಯುವಷ್ಟರಲ್ಲಿ ಮೂವರು ಟಿ.ಸಿ. ತಗೊಂಡಿದ್ದರು.

ನಾನೂ ಅದೇ ಲೆಕ್ಕ ಹಾಕುತ್ತಿದ್ದೆ. ಬಯಾಲಜಿ ಕ್ಲಾಸಿರುವ ದಿನ ಬೆಳಿಗ್ಗೆ ಹೊಟ್ಟೆ ನುಲಿಯುತ್ತಿತ್ತು. ನಾಲ್ಕು ಕ್ಲಾಸು ತಪ್ಪಿಸಿ ಹಾಸ್ಟೆಲಿನಲ್ಲೇ ಮುಸುಕು ಹಾಕಿಕೊಂಡು ಮಲಗಿದೆ. ಅಪ್ಪ ಫೋನು ಮಾಡಿದಾಗ ಚೆನ್ನಾಗಿ ಓದ್ತಿದೀನಿ ಅಂದೆ. ಆ ಸಲ ಹೊಲಕ್ಕೆ ಅಂಗಮಾರಿ ಬಿದ್ದಿತ್ತು, ಎಲೆ ಸುಟ್ಟ ಹಾಗೆ ಕಪ್ಪಾಗುತ್ತಿದೆ, ಔಷಧಿ ಹೊಡೆದೂ ಹೊಡೆದೂ ಸಾಕಾಯ್ತು ಎಂದು ಅಪ್ಪ ಹೇಳುತ್ತಿದ್ದ. ಅದರ ಮೇಲೆ ನನ್ನ 4 ಅಂಕವನ್ನು ಹೇಗೆ ಹೇಳುವುದು?

ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಓದು ಬಿಡುತ್ತೇನೆ ಎಂದು ಹೇಳಿಯೇ ಬಿಡುವುದೆಂದು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಹೋದ ಮಾರನೆಯ ದಿನವೇ ಗಡ್ಡೆ ಕೀಳುವ ಕೆಲಸ. ರೋಗ ಬಿದ್ದ ಹೊಲ, ಕಾಯುವ ಹಾಗಿರಲಿಲ್ಲ. ಅವ್ವನ ಜೊತೆ ಸಾಲಿನಲ್ಲಿ ಕೂತು ಒಂದು ಗಿಡವನ್ನು ಮೆಲ್ಲಗೆ ಮಣ್ಣಿನ ಸಮೇತ ಎತ್ತಿದೆ. ಬೇರು ಸಣ್ಣ ಎಳೆಗಳಾಗಿ ಒಂದು ಕಡೆ ಇತ್ತು. ಅದಕ್ಕೆ ಒಂದೂ ಗಡ್ಡೆ ಅಂಟಿರಲಿಲ್ಲ. ಮಣ್ಣಿನೊಳಗಿದ್ದ ಕಾಂಡದ ಗೆಣ್ಣುಗಳಿಂದ ಬೇರಿಗಿಂತ ದಪ್ಪನೆಯ ಬಿಳೀ ಕವಲು ಹೊರಟು, ಅದರ ತುದಿ ಊದಿ ಗಡ್ಡೆಯಾಗಿತ್ತು. ಹದಿನಾರು ವರ್ಷ ಗಡ್ಡೆ ಕಿತ್ತ ಹೊಲದಲ್ಲಿ ಬೆಳೆದ ನಾನು ಅದನ್ನು ಅವತ್ತು ಮೊದಲ ಸಲ ನೋಡಿದೆ.

"ಅಪ್ಪ, ಇದು ಬೇರಲ್ಲ, ಕಾಂಡ ಅಂತೆ" ಅಂದೆ.

ಅಪ್ಪ ಚೀಲ ಹಿಡಿದುಕೊಂಡು ನಿಂತಿದ್ದ. "ಇನ್ನೇನು ಮತ್ತೆ? ಕಣ್ಣಿಲ್ವಾ ಅದಕ್ಕೆ? ಕಣ್ಣು ನೋಡ್ಕೊಂಡು ತಾನೆ ಹೆಚ್ಚಿ ನೆಡಾದು? ಗೆಣಸು ಬೇರು. ಗೆಣಸ್ನ ಯಾರಾದ್ರೂ ಹೋಳು ಮಾಡಿ ನೆಡ್ತಾರಾ? ಬಳ್ಳಿ ನೆಡ್ತಾರೆ." ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಇದ್ನ ಹೇಳ್ಕೊಡಕ್ಕಾ ಮಗ ಅಷ್ಟು ದುಡ್ಡು ಕಟ್ಟಿಸ್ಕೊಂಡಿದ್ದು?" ಅಂದ.

ಅವ್ವ ನಕ್ಕಳು. ನನಗೆ ಅಳು ಬಂತು. ಮೇ ತಿಂಗಳಲ್ಲಿ ಆ ಬಿತ್ತನೆ ಗಡ್ಡೆಯನ್ನು ಹೆಚ್ಚಿದವಳೇ ನಾನು. ಪ್ರತಿ ಹೋಳಿಗೂ ಎರಡಾದರೂ ಕಣ್ಣಿರಬೇಕು ಎಂದು ಅವ್ವ ಪಕ್ಕದಲ್ಲಿ ಕೂತು ಹೇಳುತ್ತಿದ್ದಳು. ಆ ಕಣ್ಣೇ ಮೊಗ್ಗು, ಕಣ್ಣಿರುವ ಜಾಗವೇ ಗೆಣ್ಣು, ಕಣ್ಣಿನ ಹುಬ್ಬಿನಂಥ ಗೆರೆ ಒಂದು ಪುಟ್ಟ ಎಲೆ ಉದುರಿದ ಗುರುತು. ಮೊಗ್ಗು, ಗೆಣ್ಣು, ಎಲೆ ಇದ್ದರೆ ಅದು ಕಾಂಡ. ಆ ಎರಡು ಅಂಕದ ಉತ್ತರ ನನ್ನ ಕೈಯಲ್ಲೇ ಇತ್ತು. ಪ್ರಶ್ನೆ ಅದನ್ನೇ ಕೇಳುತ್ತಿದೆ ಎಂಬುದು ಗೊತ್ತಿರಲಿಲ್ಲ. ಓದು ಬಿಡುವ ಮಾತನ್ನು ಆಡಲಿಲ್ಲ. ಆಡಬಾರದೆಂದು ತೀರ್ಮಾನಿಸಿದೆ ಎಂದರೆ ಸುಳ್ಳಾಗುತ್ತದೆ. ಅಷ್ಟು ಚೀಲ ತುಂಬುವಾಗ ಹೇಳಲು ಹೊತ್ತೇ ಸಿಗಲಿಲ್ಲ.

ಹಾಸನಕ್ಕೆ ವಾಪಸು ಬಂದವಳು ಆ ಪೇಪರು ಹಿಡಿದುಕೊಂಡು ಜುವಾಲಜಿ ಮೇಡಂ ಹತ್ತಿರ ಹೋದೆ. ಬಾಟನಿ ಸರ್ ಹತ್ತಿರ ಹೋಗಲು ಧೈರ್ಯ ಇರಲಿಲ್ಲ. ಮೇಡಂ ಕನ್ನಡದಲ್ಲೇ ಕೇಳಿದರು, ನಾನು ಕನ್ನಡದಲ್ಲೇ ಹೇಳಿದೆ. "ಇಷ್ಟು ಗೊತ್ತಿದ್ದು ಖಾಲಿ ಬಿಟ್ಟೆಯಾ?" ಎಂದವರು, ನನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಆರು ಪದ ಬರೆದುಕೊಟ್ಟರು. ಡಿಫೈನ್ ಅಂದರೆ ಒಂದು ವಾಕ್ಯದಲ್ಲಿ ಹೇಳು. ಲಿಸ್ಟ್ ಅಂದರೆ ಹೆಸರು ಮಾತ್ರ, ವಿವರ ಬೇಡ. ಡಿಸ್ಟಿಂಗ್ವಿಷ್ ಅಂದರೆ ಎರಡು ಕಾಲಂ ಹಾಕಿ ಎದುರೆದುರು ಬರಿ. ಎಕ್ಸ್‌ಪ್ಲೇನ್ ಅಂದರೆ ಹೇಗೆ ಆಗುತ್ತದೆ ಅನ್ನುವುದನ್ನು ಹಂತಹಂತವಾಗಿ ಹೇಳು. ಜಸ್ಟಿಫೈ ಅಂದರೆ ಕಾರಣ ಕೊಡು. ಡ್ರಾ ಅಂಡ್ ಲೇಬಲ್ ಅಂದರೆ ಶೇಡಿಂಗ್ ಇಲ್ಲದ ಚಿತ್ರ, ಒಂದನ್ನೊಂದು ದಾಟದ ಗೆರೆ. ಮೂರು ತಿಂಗಳಲ್ಲಿ ಈ ವಿಷಯ ನನ್ನಿಂದ ಏನು ಬಯಸುತ್ತದೆ ಎಂದು ನನಗೆ ತಿಳಿದದ್ದು ಆ ಐದು ನಿಮಿಷದಲ್ಲಿ.

ಆಮೇಲಿನದು ಮಾಯೆಯೇನಲ್ಲ, ಬರೀ ದುಡಿಮೆ. ದಪ್ಪ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ: ಇಂಗ್ಲಿಷ್ ಪದ, ಹೈಸ್ಕೂಲಿನಲ್ಲಿ ಕಲಿತ ಕನ್ನಡ ಪದ, ನಮ್ಮೂರಲ್ಲಿ ಅದು ಎಲ್ಲಿ ಸಿಗುತ್ತದೆ. ಎಷ್ಟೋ ದೊಡ್ಡ ಪದಗಳು ಸಣ್ಣ ತುಂಡುಗಳ ಜೋಡಣೆ ಎಂಬುದು ಅಲ್ಲಿ ಗೊತ್ತಾಯಿತು. ಎಪಿ ಅಂದರೆ ಮೇಲೆ, ಡರ್ಮಿಸ್ ಅಂದರೆ ಚರ್ಮ. ಎಪಿಪೆಟಲಸ್ ಅಂದರೆ ದಳದ ಮೇಲೆ ಅಂಟಿ ಕೂತ ಕೇಸರ, ಬದನೆ ಹೂವು ಬಿಡಿಸಿದರೆ ಕಣ್ಣಿಗೇ ಕಾಣುತ್ತದೆ. ಫಿಲ್ ಅಂದರೆ ಎಲೆ: ಕ್ಲೋರೋಫಿಲ್, ಮೀಸೋಫಿಲ್. ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಸೊಲನೇಸಿ ಎಂಬ ಒಂದೇ ಕುಟುಂಬ ಎಂದು ಓದಿದಾಗ ನಮ್ಮ ಹಿತ್ತಿಲು, ಹೊಲ ಎರಡೂ ಪುಸ್ತಕದೊಳಗೆ ಬಂದು ಕೂತವು.

ಕ್ಲಾಸಿಗೆ ಹೋಗುವ ಹಿಂದಿನ ರಾತ್ರಿ ಆ ಪಾಠದ ಚಿತ್ರಗಳನ್ನೂ ಅವುಗಳ ಕೆಳಗಿನ ಸಾಲುಗಳನ್ನೂ ಮಾತ್ರ ನೋಡಿಕೊಂಡು ಹೋಗುತ್ತಿದ್ದೆ. ಆಗ ಸರ್ ಬಾಯಿಂದ ಬಂದ ಪದ ಎಲ್ಲಿ ಹೋಗಿ ಕೂರಬೇಕೆಂದು ತಿಳಿಯುತ್ತಿತ್ತು. ಸಂಜೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬಿಳಿ ಹಾಳೆಯ ಮೇಲೆ ಬರೆದು, ಆಮೇಲೆ ಪುಸ್ತಕ ತೆರೆದು ತಪ್ಪನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದೆ. ಓದುವಾಗ ಎಲ್ಲ ಗೊತ್ತಿದೆ ಅನಿಸುತ್ತಿತ್ತು. ಹಾಳೆಯ ಮುಂದೆ ಕೂತರೆ ಹೃದಯಕ್ಕೆ ಮೂರೇ ಕೋಣೆ ಬರುತ್ತಿತ್ತು. ಮೊದಮೊದಲು ಹಾಳೆಯ ತುಂಬ ಕೆಂಪೇ. ಭಾನುವಾರ ಹೊಸದೇನೂ ಓದದೆ, ಎರಡು ಮೂರು ವಾರದ ಹಿಂದಿನದನ್ನು ಮತ್ತೆ ಹಾಗೆಯೇ ಬರೆಯುತ್ತಿದ್ದೆ.

ಕೋಣೆಯಲ್ಲಿ ಸಕಲೇಶಪುರದ ಹುಡುಗಿಯೊಬ್ಬಳಿದ್ದಳು, ಇಂಗ್ಲಿಷ್ ಮೀಡಿಯಂ. ಅವಳಿಗೆ ವಾಕ್ಯವೆಲ್ಲ ನಾಲಗೆಯ ತುದಿಯಲ್ಲಿ. ಆದರೆ ಸ್ಟೋಲನ್ ಅಂದರೇನು, ತುದಿ ಊದಿ ಗಡ್ಡೆಯಾಗುವ ಆ ಬಿಳೀ ಕವಲು ಯಾವುದು ಎಂದು ನನ್ನನ್ನು ಕೇಳಿದಳು. ಅವಳು ಆಲೂಗಡ್ಡೆ ಗಿಡವನ್ನೇ ನೋಡಿರಲಿಲ್ಲ. ಅವಳಿಗೆ ನಾನು ಕನ್ನಡದಲ್ಲಿ ಬಿಡಿಸಿ ಹೇಳುವುದು, ಅದನ್ನು ಅವಳು ಇಂಗ್ಲಿಷಿನಲ್ಲಿ ಕಟ್ಟಿಕೊಡುವುದು ಎಂದು ಒಪ್ಪಂದವಾಯಿತು. ಅವಳು ನಡುನಡುವೆ "ಅದ್ಯಾಕೆ ಹಾಗೆ?" ಅನ್ನುತ್ತಿದ್ದಳು. ಉತ್ತರ ಬಾರದ ಜಾಗದಲ್ಲೆಲ್ಲ ನನಗೆ ನಿಜಕ್ಕೂ ಗೊತ್ತಿಲ್ಲ ಎಂದು ಗೊತ್ತಾಗುತ್ತಿತ್ತು.

ಅಕ್ಟೋಬರಿನ ಪ್ರಾಕ್ಟಿಕಲ್‌ನಲ್ಲಿ ಆಸ್ಮಾಸಿಸ್ ತೋರಿಸಲು ಆಲೂಗಡ್ಡೆಯನ್ನೇ ಕೊಟ್ಟರು. ಸಿಪ್ಪೆ ಹೆರೆದು, ನಡುವೆ ಗುಳಿ ತೋಡಿ, ಸಕ್ಕರೆ ದ್ರಾವಣ ತುಂಬಿ, ಅದರ ಮಟ್ಟಕ್ಕೆ ಗುಂಡುಪಿನ್ನು ಚುಚ್ಚಿ ನೀರಿನ ಬೀಕರಿನಲ್ಲಿ ಇಡಬೇಕು. ಹೊರಗಿನ ನೀರು ಗಡ್ಡೆಯ ಜೀವಕೋಶಗಳನ್ನು ದಾಟಿ ಒಳಗೆ ಬಂದು ದ್ರಾವಣ ಪಿನ್ನಿಗಿಂತ ಮೇಲೇರುತ್ತದೆ. ಲ್ಯಾಬಿನಲ್ಲಿ ಎಲ್ಲರಿಗಿಂತ ಮೊದಲು ಸಿಪ್ಪೆ ಹೆರೆದು ಮುಗಿಸಿದವಳು ನಾನೇ. "ಬೇಯಿಸಿದ ಗಡ್ಡೆ ಇಟ್ಟಿದ್ರೆ?" ಎಂದು ಮೇಡಂ ಕೇಳಿದರು. "ಏರಲ್ಲ ಮೇಡಂ. ಬೆಂದ ಗಡ್ಡೆಗೆ ಉಪ್ಪುಖಾರ ಸಲೀಸಾಗಿ ಒಳಗೆ ಹೋಗುತ್ತೆ, ಹಸಿದಕ್ಕೆ ಹೋಗಲ್ಲ. ಬೆಂದ್ರೆ ತಡೆಯೋದು ಸತ್ತುಹೋಗುತ್ತೆ" ಅಂದೆ. ಆ ತಡೆಯುವುದಕ್ಕೆ ಸೆಮಿಪರ್ಮಿಯಬಲ್ ಮೆಂಬ್ರೇನ್ ಎಂದು ಅವರು ಹೆಸರು ಹೇಳಿದರು. ಆ ಹೆಸರನ್ನು ನಾನು ಉರು ಹೊಡೆಯಲಿಲ್ಲ, ಆದರೂ ಮರೆತಿಲ್ಲ.

ಅರ್ಧವಾರ್ಷಿಕದಲ್ಲಿ 70ಕ್ಕೆ 27 ಬಂತು. ಪಾಸು, ಅಷ್ಟೇ. ವಾರ್ಷಿಕದಲ್ಲಿ 46. ಇಂಗ್ಲಿಷ್ ಕೊನೆಯವರೆಗೂ ಕಾಡಿತು, ಐದು ಅಂಕದ ಉತ್ತರಗಳಲ್ಲಿ ವಾಕ್ಯ ಮುರಿದುಬೀಳುತ್ತಿತ್ತು. ಚಿತ್ರ ಬರೆದು ಸರಿದೂಗಿಸಿದೆ. ಮೆಡಿಕಲ್ ಸೀಟು ಸಿಗುವಂಥ ರ‍್ಯಾಂಕು ಬರಲಿಲ್ಲ. ಬಿಎಸ್ಸಿ ಮಾಡಿದೆ, ಬಿಎಡ್ ಮಾಡಿದೆ. ಈಗ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ತರಗತಿಯವರಿಗೆ ಕನ್ನಡ, ಇಂಗ್ಲಿಷ್ ಎರಡೂ ಹೆಸರು ಬರೆಸುತ್ತೇನೆ, ಆ ಆರು ಪದಗಳನ್ನೂ ಬರೆಸುತ್ತೇನೆ.

ಆಲೂಗಡ್ಡೆಯ ಪ್ರಶ್ನೆ ಮತ್ತೆ ಯಾವ ಪರೀಕ್ಷೆಯಲ್ಲೂ ನನಗೆ ಬರಲಿಲ್ಲ. ಟಿ.ಸಿ. ತಗೊಂಡ ಮೂವರಲ್ಲಿ ಒಬ್ಬ ನಮ್ಮ ಪಕ್ಕದೂರಿನವನು. ಟೆಸ್ಟಿನ ಪೇಪರು ಕೊಟ್ಟ ದಿನ ಇಬ್ಬರೂ ಬಸ್‌ ಸ್ಟ್ಯಾಂಡಿನಲ್ಲಿ ಕೂತು ನಮ್ಮ ನಮ್ಮ ಪೇಪರು ತೋರಿಸಿಕೊಂಡಿದ್ದೆವು. ಅವರದೂ ಆಲೂಗಡ್ಡೆ ಹೊಲವೇ, ಅವನೂ ಪ್ರತಿ ವರ್ಷ ಕಣ್ಣು ನೋಡಿ ಗಡ್ಡೆ ಹೆಚ್ಚಿದವನೇ. ಆ ಪ್ರಶ್ನೆಯ ಮುಂದೆ ಅವನೂ ಜಾಗ ಖಾಲಿ ಬಿಟ್ಟಿದ್ದ.