ಮುಖವಿಲ್ಲದ ಅಜ್ಜಿ

ಮಕ್ಕಳೇ, ಮುಂಬಯಿಯಲ್ಲೇ ಹುಟ್ಟಿ ಬೆಳೆದ ನಿಮಗೆ ಮಾಟುಂಗಾದ ಹೂವಿನ ಅಂಗಡಿಗಳ ಸಾಲು ಗೊತ್ತೇ ಇರುತ್ತದೆ. ಜುಲೈ ಮಳೆಯಲ್ಲಿ ಅದನ್ನು ನಿಂತು ನೋಡಿದ್ದೀರಾ? ಎದುರಿನ ಕಟ್ಟಡಗಳು ಬೂದಿ ಬಣ್ಣದಲ್ಲಿ ಕರಗಿಹೋಗಿರುತ್ತವೆ. ಜನರಿಗೆ ಮುಖವೇ ಇರುವುದಿಲ್ಲ. ಕೊಡೆ, ಭುಜ, ಕೈಚೀಲ, ಅಷ್ಟೇ.

ನಾನು ಬಿ.ಎ.ಗೆ ಇಂಗ್ಲಿಷ್ ಓದಿದವಳು, ಚಿತ್ರಕಲೆ ಕಲಿತವಳಲ್ಲ. ಮಧ್ಯಾಹ್ನ ಅಡುಗೆಮನೆ ತೊಳೆದಾದ ಮೇಲೆ ಊಟದ ಮೇಜಿನ ಮೇಲೆ ಜಲವರ್ಣದ ಪೆಟ್ಟಿಗೆ ಬಿಚ್ಚಿಕೊಳ್ಳುತ್ತೇನೆ. ಅತ್ತೆಯವರು ತೀರಿಕೊಂಡ ವರ್ಷ ಅವರ ಚಿತ್ರ ಬರೆಯಲೇಬೇಕೆಂಬ ಹಟ ಹಿಡಿಯಿತು. ಮನೆಯಲ್ಲಿದ್ದುದು ಪಾಸ್‌ಪೋರ್ಟ್ ಅಳತೆಯ ಒಂದೇ ಫೋಟೋ. ಅದರಲ್ಲಿ ಗಾಬರಿಯಾದವರಂತೆ ಕೂತಿದ್ದಾರೆ. ಅದನ್ನು ನೋಡಿ ಮೂರು ಸಲ ಬರೆದೆ. ಮೂಗು ಸರಿ, ಕಣ್ಣು ಸರಿ, ಅತ್ತೆ ಮಾತ್ರ ಅಲ್ಲ.

ನಾಲ್ಕನೆಯ ಸಲ ಫೋಟೋ ಒಳಗಿಟ್ಟೆ. ಮಳೆಯಲ್ಲಿ ಹೂವು ತರಲು ಅವರು ಹೋಗುತ್ತಿದ್ದುದನ್ನು ನೆನೆದುಕೊಂಡೆ. 300 ಜಿ.ಎಸ್.ಎಂ. ಕಾಗದವನ್ನು ಪೂರಾ ಒದ್ದೆ ಮಾಡಿದೆ. (ತೆಳು ಕಾಗದ ಹಪ್ಪಳದಂತೆ ಸೊಟ್ಟಗಾಗುತ್ತದೆ, ಅಲ್ಲಿ ದುಡ್ಡು ಉಳಿಸಬೇಡಿ.) ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ನಮ್ಮ ಮಳೆಮೋಡದ ಬೂದಿ ಬಣ್ಣ ತಾನಾಗಿ ಬರುತ್ತದೆ. ಅದನ್ನು ಹಚ್ಚಿ, ಹಲಗೆ ಓರೆ ಮಾಡಿ ಹರಿಯಬಿಟ್ಟೆ. ದೂರದ ಜನರನ್ನು ಹಸಿಯಿದ್ದಾಗಲೇ ಮುಟ್ಟಿಸಿದೆ. ಅಂಚು ಕರಗಿ ಮಂಜಾದರು. ಹತ್ತಿರದವರಿಗೆ ಕಾಗದ ಒಣಗಲೇಬೇಕು. ಅವಸರಪಟ್ಟು ಅರೆ ಒಣಗಿದಾಗ ನೀರಿನ ಕುಂಚ ಇಟ್ಟರೆ ಹೂಕೋಸಿನಂಥ ಕಲೆ ಏಳುತ್ತದೆ. ತಲೆಗೆ ಒಂದು ಚುಕ್ಕೆ, ಅದಕ್ಕೂ ಭುಜಕ್ಕೂ ನಡುವೆ ಎಳೆಯಷ್ಟು ಬಿಳಿ, ಕೆಳಗೆ ಚೂಪಾಗುವ ಒಂದೇ ಎಳೆತ. ಪಾದ ಬರೆಯಬಾರದು, ಒದ್ದೆ ರಸ್ತೆಯ ನೆರಳಿನೊಳಗೆ ಸೇರಿಸಿಬಿಡಬೇಕು.

ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಇದೇ ಮುಂಬಯಿಯಲ್ಲಿ ಬಾಳಿದ ಕೆ.ಕೆ. ಹೆಬ್ಬಾರರು (1911–1996) ಕೆಲವೇ ಗೆರೆಗಳಲ್ಲಿ ನರ್ತಕಿಯನ್ನು ಕುಣಿಸಿಬಿಡುತ್ತಿದ್ದರು. ಮುಖಕ್ಕಿಂತ ಬೆನ್ನೇ ಹೆಚ್ಚು ಮಾತಾಡಬಲ್ಲದೆಂದು ಅವರ ರೇಖಾಚಿತ್ರಗಳನ್ನು ನೋಡಿದಾಗಲೇ ಅನ್ನಿಸಿತ್ತು. ಅನ್ನಿಸುವುದು ಬೇರೆ, ಕೈಗೆ ಬರುವುದು ಬೇರೆ!

ಸಂಜೆ ಆಫೀಸಿನಿಂದ ಬಂದ ಮಗಳು ಬ್ಯಾಗು ಇಳಿಸದೆ ನಿಂತುಬಿಟ್ಟಳು.

"ಅಮ್ಮಾ, ಇದು ಅಜ್ಜಿ ಅಲ್ವಾ? ಮೊಣಕಾಲು ನೋವು ಅಂತ ಎಡಗಡೆ ವಾಲಿ ನಡೀತಿದ್ರಲ್ಲ, ಹಾಗೇ ಇದ್ದಾರೆ."

ವಾಲಿಸಬೇಕೆಂದು ನಾನು ವಾಲಿಸಿದ್ದಲ್ಲ. ಮಾತೇ ಹೊರಡಲಿಲ್ಲ ನನಗೆ.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಆದರೆ ಅಜ್ಜಿ ಕೊಡೆ ಕಪ್ಪು ಇತ್ತಲ್ಲ, ಕೆಂಪು ಯಾಕೆ?"

ಅಷ್ಟೊಂದು ಬೂದಿಯ ನಡುವೆ ಎಲ್ಲಾದರೂ ಒಂದು ಕಡೆ ಕೆಂಪು ಬೇಕಾಗಿತ್ತು. ಅತ್ತೆಯವರು ಇದ್ದಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.