ಚೊಗರು ಬಣ್ಣದ ಸೀರೆ

ಮಂಗಳೂರಿನ ನೇಯ್ಗೆಯ ಚರಿತ್ರೆಯಲ್ಲಿ, 1851ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನ ಜಾನ್ ಹಾಲರ್ ಮತ್ತು ಆತನ ಖಾಕಿ ಬಣ್ಣದ ಮಾತು ತಪ್ಪದೆ ಬರುತ್ತದೆ. ಆ ಬಟ್ಟೆಯನ್ನು ನೇಯ್ದವರ ಹೆಸರು ಕೇಳಿಬರುವುದು ಅಪರೂಪ.

ಬಿಕರ್ನಕಟ್ಟೆಯನ್ನು ಹಾದು ಹೋಗುವ ಹೆದ್ದಾರಿ ಬಸದಿಗಳ ಊರಾದ ಮೂಡುಬಿದಿರೆಯನ್ನು ತಲಪುತ್ತದೆ. ಅಲ್ಲಿಂದ ಮೂಲ್ಕಿಯತ್ತ ತಿರುಗಿದರೆ ಕಿನ್ನಿಗೋಳಿ; ತಾಳಿಪಾಡಿ ನೇಕಾರರ ಸಹಕಾರ ಸಂಘ ಇರುವುದು ಇಲ್ಲಿಯೇ. ಒಂದು ಕಾಲಕ್ಕೆ ಇಲ್ಲಿ ಉಡುಪಿ ಸೀರೆಯ ಮಗ್ಗದಲ್ಲಿ ಉಳಿದವರು ಬೆರಳೆಣಿಕೆಯ ಹಿರಿಯರು. 2016ರಲ್ಲಿ ದೊರೆತ ಭೌಗೋಳಿಕ ಸೂಚಿಕೆ ಸೀರೆಯ ಹೆಸರನ್ನು ಕಾಪಾಡಿತು. ನೇಯುವ ಕೈಗಳನ್ನು ಹುಡುಕುವ ಕೆಲಸ ಹಾಗೆಯೇ ಉಳಿಯಿತು. ಕದಿಕೆ ಟ್ರಸ್ಟ್ ಸಂಘದೊಡನೆ ಕೈಜೋಡಿಸಿದ ಮೇಲೆ ಹೊಸಬರ ತರಬೇತಿಯೂ ಸಹಜ ಬಣ್ಣದ ಸೀರೆಗಳೂ ಬಂದವು.

ಆ ಬಣ್ಣಗಳಲ್ಲಿ ಒಂದು ಅಡಕೆಯ ಚೊಗರು. ಸುಲಿದ ಹಸಿ ಅಡಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಈ ಒಗರು ರಸ ನೂಲಿಗೆ ಕೆಂಗಂದು ಛಾಯೆ ಕೊಡುತ್ತದೆ. ಹೆಗ್ಗೋಡಿನ ಚರಕ ಸಂಸ್ಥೆಯೂ ಇದನ್ನು ಬಳಸುತ್ತ ಬಂದಿದೆ. ಆದರೆ ಕರಾವಳಿಯ ಕೃಷಿಕರು ಬಹುತೇಕ ಹಣ್ಣಡಕೆಯನ್ನು ಬಿಸಿಲಲ್ಲಿ ಒಣಗಿಸಿ ಚಾಲಿ ಮಾಡುವವರು. ಬೇಯಿಸುವ ಪದ್ಧತಿ ಮುಖ್ಯವಾಗಿ ಮಲೆನಾಡಿನದು. ಹಾಗಾಗಿ ‘ಸ್ಥಳೀಯ’ ಎಂಬ ಮಾತು ಇಲ್ಲಿ ಘಟ್ಟದ ಮೇಲಕ್ಕೂ ಚಾಚಬೇಕು. ಅದರಲ್ಲಿ ನಷ್ಟವೇನಿಲ್ಲ.

ಕೊಳ್ಳುವವರು ಬಣ್ಣವನ್ನು ಮೆಚ್ಚುತ್ತಾರೆ. ಕಂಡಿಕೆ ಸುತ್ತುವುದು, ಹಾಸು ಹೂಡುವುದು, ನೂಲಿಗೆ ಗಂಜಿ ಹಾಕುವುದು ಮಾತ್ರ ಕಣ್ಣಿಗೆ ಬೀಳದ ದುಡಿಮೆ; ನೇಕಾರರ ಮನೆಗಳಲ್ಲಿ ಇವು ಬಹುಮಟ್ಟಿಗೆ ಹೆಂಗಸರ ಪಾಲಿಗೆ ಬರುತ್ತಿದ್ದವು, ಪ್ರತ್ಯೇಕ ಕೂಲಿಯೂ ಇಲ್ಲದೆ. ಸೀರೆಯ ಬೆಲೆಯನ್ನು ಕಟ್ಟುವಾಗ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ಈ ದುಡಿಮೆ. ಚೊಗರಿನ ಮಾತು ಆಮೇಲಿನದು.