ಎಡಗಾಲು ಚೆಂಡಿನ ಪಕ್ಕ

ಭಾನುವಾರ, ಬೆಳಿಗ್ಗೆ ಏಳು ಗಂಟೆ. ರಾತ್ರಿಯೆಲ್ಲ ಸುರಿದ ಆಗಸ್ಟ್ ಮಳೆ ನಿಂತಿದೆ, ಮರದ ಹನಿ ನಿಂತಿಲ್ಲ. ಹಲಸೂರು ಕೆರೆಗೆ ಅಷ್ಟೇನೂ ದೂರವಲ್ಲದ ಈ ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆಗಳು ಒದ್ದೆಗೆ ಕಲಸಿಹೋಗಿವೆ. ಪೆನಾಲ್ಟಿ ಬಾಕ್ಸ್ ಎಲ್ಲಿ ಮುಗಿಯುತ್ತದೆ ಎನ್ನುವುದನ್ನು ಇವತ್ತು ರೆಫರಿಯ ಕಣ್ಣೇ ಹೇಳಬೇಕು. ಕೆರೆ ಕಡೆಯ ಗೋಲಿನ ಮುಂದೆ ನೀರು ನಿಂತಿದೆ. ಇಬ್ಬರು ಹುಡುಗರು ಬಾಂಡ್ಲಿಯಲ್ಲಿ ಮರಳು ಹೊತ್ತು ತಂದು ಸುರಿಯುತ್ತಿದ್ದಾರೆ. ಮರಳು ಬಿದ್ದಷ್ಟೂ ನೀರು ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಹೋಗುವುದಿಲ್ಲ.

ಸಾಲಾಗಿ ನಿಲ್ಲಿಸಿದ ಬೈಕುಗಳ ಹಿಂದೆ ನಾವು ಬಟ್ಟೆ ಬದಲಿಸುತ್ತಿದ್ದೇವೆ. ನೋವಿನ ಸ್ಪ್ರೇ ವಾಸನೆ, ಒಣಗದ ಜೆರ್ಸಿಯ ವಾಸನೆ, ತಳ್ಳುಗಾಡಿಯಿಂದ ಶುಂಠಿ ಚಹಾದ ವಾಸನೆ. ಒಂಬತ್ತು ಜನ ಬಂದಿದ್ದೇವೆ. ಏಳು ಜನರಿದ್ದರೆ ಆಟ ಶುರು ಮಾಡಬಹುದು ಎನ್ನುತ್ತದೆ ನಿಯಮ, ಆದರೆ ಒಂಬತ್ತು ಜನ ಹನ್ನೊಂದರ ಮೇಲೆ ಆಡಿದರೆ ಎರಡನೇ ಅರ್ಧದಲ್ಲಿ ಏನಾಗುತ್ತದೆಂದು ನಮ್ಮ ಕಾಲುಗಳಿಗೆ ಗೊತ್ತು. ಕ್ಯಾಪ್ಟನ್ ಫೋನಿನಲ್ಲಿದ್ದಾನೆ.

"ಎಲ್ಲಿದ್ದೀಯೋ?"

"ಟ್ರಿನಿಟಿ ಹತ್ರ ಇದ್ದೀನಿ ಮಗಾ, ಐದೇ ನಿಮಿಷ."

ಆ ಮಾತಿನ ಹಿಂದೆಯೇ ಕುಕ್ಕರ್ ಕೂಗಿದ್ದು ನಮಗೆಲ್ಲ ಕೇಳಿಸಿತು.

ನಮ್ಮ ತಂಡದ ಜನ ಇಂಥವರು: ಗೋಲಿ ಆಟೊ ಓಡಿಸುತ್ತಾನೆ, ಸ್ಟಾಪರ್ ಮೆಡಿಕಲ್ ಶಾಪಿನ ಮಾಲೀಕ, ಫಾರ್ವರ್ಡ್ ಬ್ಯಾಂಕಿನ ಗುಮಾಸ್ತ, ನಡುವೆ ಇಬ್ಬರು ಕಾಲೇಜು ಹುಡುಗರು. ನಾನು ರೈಟ್ ಬ್ಯಾಕ್. ಎಡ ತುದಿಯಲ್ಲಿ ಓಡುವವನು ಅಹಮದಾಬಾದಿನಿಂದ ಕೆಲಸಕ್ಕೆ ಬಂದ ಇಂಜಿನಿಯರು, ಎಲ್ಲರನ್ನೂ 'ಭಾಯ್' ಎನ್ನುತ್ತಾನೆ. ಅವನ ಊರಿನಲ್ಲಿ ಭಾನುವಾರದ ಬೆಳಗು ಎಂದರೆ ಫಾಫ್ಡಾ, ಜಿಲೇಬಿ. 2019ರ ಜುಲೈನಲ್ಲಿ ಕಾಂಕರಿಯಾ ಕೆರೆಯ ಪಕ್ಕದ ಕ್ರೀಡಾಂಗಣದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ನಡೆದಾಗ ಅವನು ಗ್ಯಾಲರಿಯಲ್ಲಿದ್ದ. ತಜಿಕಿಸ್ತಾನದ ವಿರುದ್ಧ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದು ಭಾರತ ಅರ್ಧ ಹೊತ್ತಿಗೆ 2–0 ಮುಂದಿತ್ತು, ಕೊನೆಗೆ 2–4ರಲ್ಲಿ ಸೋತಿತು. ಛೆಟ್ರಿ ಬೆಂಗಳೂರು ಎಫ್‌ಸಿ ಆಟಗಾರನೆಂಬುದೇ ಈ ಊರಿಗೂ ತನಗೂ ಇದ್ದ ಮೊದಲ ನಂಟು ಎಂದು ಅವನು ಹೇಳುವಾಗ ನನಗೆ ಖುಷಿಯಾಗುತ್ತದೆ.

ಎದುರು ತಂಡದವರು ಬೈಕಿನಲ್ಲಿ ಬರುವುದಿಲ್ಲ, ನಡೆದು ಬರುತ್ತಾರೆ. ಸ್ಟಡ್ ಕಟ್ಟಿಕೊಂಡೇ ಮನೆಯಿಂದ ಹೊರಟಿದ್ದಾರೆ. ರಸ್ತೆಯ ಕಾಂಕ್ರೀಟಿನ ಮೇಲೆ ಆ ಟಕಟಕ ಸದ್ದು ಅವರಿಗಿಂತ ಮುಂಚೆ ಬರುತ್ತದೆ. ಅವರು ಗೌತಮಪುರದ ಹುಡುಗರು. ಹಳಬರು ಇನ್ನೂ ಗನ್ ಟ್ರೂಪ್ಸ್ ಎಂದೇ ಕರೆಯುವ ಕೇರಿ ಅದು. ದಂಡುಪ್ರದೇಶದ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಚಾಕರಿಗೆ ಬಂದ ಕುಟುಂಬಗಳು ಅಲ್ಲಿ ನೆಲೆ ನಿಂತವು. ಸಿಪಾಯಿಗಳು ಆಡಿದ ಆಟವನ್ನು ಆ ಕುಟುಂಬಗಳ ಮಕ್ಕಳು ಗಲ್ಲಿಗೆ ತಂದರು. ಇವತ್ತು ಆ ಕೇರಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಪ್ರತಿಮೆಗಳ ಜತೆ ಪೆಲೆಯ ಪ್ರತಿಮೆಯೂ ಇದೆ. 2022ರ ಡಿಸೆಂಬರಿನಲ್ಲಿ ಪೆಲೆ ತೀರಿಕೊಂಡಾಗ ಕೇರಿಯ ಜನ ಅದರ ಮುಂದೆ ಸೇರಿ, ಮನೆಯ ಹಿರಿಯನನ್ನು ಕಳೆದುಕೊಂಡವರಂತೆ ದುಃಖಪಟ್ಟರು.

ಅವರ ಕೋಚಿಗೆ ಎಪ್ಪತ್ತು ದಾಟಿರಬೇಕು. ಮಂಗನ ಟೋಪಿ, ಲುಂಗಿಯ ಕೆಳಗೆ ಕ್ಯಾನ್ವಾಸ್ ಶೂ. ಹುಡುಗರು ತಾತ ಎನ್ನುವುದಿಲ್ಲ, ಅಣ್ಣಾ ಎನ್ನುತ್ತಾರೆ.

ಸೀಟಿ.

ಮೊದಲ ಹತ್ತು ನಿಮಿಷ ಚೆಂಡಿಗೆ ಯಾರ ಮಾತೂ ಕೇಳುವುದಿಲ್ಲ. ಒಣಗಿದ ಕಡೆ ಹಾರುತ್ತದೆ, ಒದ್ದೆಯ ಕಡೆ ಜಾರುತ್ತದೆ, ನೀರಿನಲ್ಲಿ ಗಕ್ಕನೆ ನಿಲ್ಲುತ್ತದೆ. "ಮ್ಯಾನ್ ಆನ್!" ಎಂದು ನಮ್ಮವರು ಕೂಗಿದರೆ ಅತ್ತ ಕಡೆಯಿಂದ ತಮಿಳಿನಲ್ಲಿ "ವಿಡಾದಡಾ!", ಬಿಡಬೇಡವೋ ಎಂಬ ಕೂಗು. ನಾನು ಎದುರಿಸುತ್ತಿರುವ ಎಡ ವಿಂಗರಿಗೆ ಹದಿನೇಳು ತುಂಬಿದೆಯೋ ಇಲ್ಲವೋ. ಸಣಕಲ ಕಾಲು, ಮೊಣಕಾಲಿನ ತನಕ ಕೆಸರು. ಚೆಂಡು ಅವನ ಕಾಲಿಗೆ ಬಂದಾಗ ಅವನು ಅದನ್ನು ನೋಡುವುದಿಲ್ಲ, ನನ್ನ ಸೊಂಟ ನೋಡುತ್ತಾನೆ. ಸೊಂಟ ಎತ್ತ ವಾಲಿತೋ ಅದರ ಇನ್ನೊಂದು ಕಡೆಗೆ ಹೋಗಬೇಕೆಂದು ಅವನಿಗೆ ಯಾರೋ ಕಲಿಸಿದ್ದಾರೆ. ಯಾರೆಂದು ಗೆರೆಯಾಚೆ ನೋಡಿದರೆ ತಿಳಿಯುತ್ತದೆ. ಮಂಗನ ಟೋಪಿಯ ಆ ಮನುಷ್ಯ ಅರಚುವುದಿಲ್ಲ, ನಾಲಿಗೆಯಿಂದ ಒಮ್ಮೆ ಟಕ್ ಎನ್ನುತ್ತಾರೆ, ಹುಡುಗ ಎರಡು ಹೆಜ್ಜೆ ಒಳಗೆ ಸರಿಯುತ್ತಾನೆ.

ಹತ್ತನೆಯವನು ಓಡಿ ಬಂದು ಸೇರಿದ್ದಾನೆ. ಕುಕ್ಕರಿನವನು. ಯಾರೂ ಏನೂ ಕೇಳಲಿಲ್ಲ.

ಹದಿನೆಂಟನೇ ನಿಮಿಷ, ನಮ್ಮ ಕಾರ್ನರ್. ಅಹಮದಾಬಾದಿನವನು ಕೆಸರು ಒರೆಸಿ ಚೆಂಡು ಇಡುತ್ತಾನೆ. ಒಂದು ಕ್ಷಣ ಬಾಕ್ಸಿನ ತುಂಬ ಉಸಿರು, ಮೊಣಕೈ, ಜೆರ್ಸಿ ಎಳೆತ. ಚೆಂಡು ಬಾಗಿಕೊಂಡು ಬಂತು. ವಾರವಿಡೀ ಕೌಂಟರಿನ ಹಿಂದೆ ನಿಂತು ಮಾತ್ರೆ ಎಣಿಸಿಕೊಡುವ ಮನುಷ್ಯ ಇಬ್ಬರ ತಲೆಯ ಮೇಲೆದ್ದು ಚೆಂಡಿಗೆ ಹಣೆ ಕೊಟ್ಟ. ನೆಟ್ಟಿನ ಮೇಲಿದ್ದ ಮಳೆನೀರೆಲ್ಲ ಒಮ್ಮೆಗೇ ಕೊಡವಿಕೊಂಡು ಗೋಲಿಯ ತಲೆಯ ಮೇಲೆ ಬಿತ್ತು. 1–0. ನಾವು ಒಂಬತ್ತು ಜನ ಅವನ ಮೇಲೆ ಬಿದ್ದಿದ್ದೇವೆ. ಬಾಯಲ್ಲಿ ಮಣ್ಣಿನ ರುಚಿ.

ಅರ್ಧ ವಿರಾಮಕ್ಕೆ ಎರಡು ನಿಮಿಷವಿರುವಾಗ ಆ ಸಣಕಲ ಹುಡುಗ ಚೆಂಡನ್ನು ನನ್ನ ಹೊರಗಿನಿಂದ ತಳ್ಳಿ ತಾನು ಒಳಗಿನಿಂದ ಬಂದ. ಅವನಿಗೂ ಚೆಂಡಿಗೂ ನಡುವೆ ನಾನಿದ್ದೆ, ಆದರೂ ಇಬ್ಬರೂ ನನಗಿಂತ ಮುಂಚೆ ಹೋಗಿ ಸೇರಿಕೊಂಡರು. ಗೋಲಿ ಮುಂದೆ ಬಂದ. ಹುಡುಗ ಒದೆಯಲಿಲ್ಲ, ಪಾದದ ಒಳಬದಿಯಿಂದ ಹೊರಳಿಸಿದ, ಅಷ್ಟೆ. ಚೆಂಡು ಆತುರವಿಲ್ಲದೆ ಗೆರೆ ದಾಟಿತು. 1–1. ಇಷ್ಟು ಹತ್ತಿರದಿಂದ ಇಂಥ ಆಟ ನೋಡಲು ಬೇರೆ ಎಲ್ಲೂ ಟಿಕೆಟ್ ಸಿಗುವುದಿಲ್ಲ.

ವಿರಾಮ. ಗ್ಲೂಕೋಸ್ ನೀರು, ಪಚ್ಚಬಾಳೆ. ಆ ಕಡೆ ಹುಡುಗರು ಬನ್ನು ಹರಿದು ಹಂಚಿಕೊಳ್ಳುತ್ತಿದ್ದಾರೆ. ಸಣಕಲ ಹುಡುಗನ ಅಣ್ಣನೂ ಅದೇ ತಂಡದಲ್ಲಿ ಆಡುತ್ತಾನೆ. ಊಟ ತಲುಪಿಸುವ ಕಂಪನಿಯ ಬ್ಯಾಗು ಗೋಡೆಗೆ ಒರಗಿಸಿಟ್ಟಿದ್ದಾನೆ, ಆಟ ಮುಗಿದ ಕೂಡಲೇ ಡ್ಯೂಟಿ.

ಆ ಬ್ಯಾಗು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಊಟ ತಲುಪಿಸುವ ಕೆಲಸ ಕೀಳೆಂದಲ್ಲ. ಒಂದು ಕಾಲದಲ್ಲಿ ಈ ಊರಿನ ಒಳ್ಳೆಯ ಕಾಲುಗಳಿಗೆ ಕಾರ್ಖಾನೆ, ಸರ್ಕಾರಿ ಸಂಸ್ಥೆಗಳಲ್ಲಿ ಕೆಲಸವಿತ್ತು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇ, ಸಿಐಎಲ್, ಸೈನ್ಯದ ಎಂಇಜಿ: ಬೆಂಗಳೂರು ಲೀಗಿನ ಬೆನ್ನೆಲುಬು ಇವು. ಚೆನ್ನಾಗಿ ಆಡುವ ಹುಡುಗನಿಗೆ ನೌಕರಿ, ತಿಂಗಳ ಸಂಬಳ, ಕ್ಯಾಂಟೀನಿನ ಊಟ, ಸಂಜೆ ಅಭ್ಯಾಸಕ್ಕೆ ಬಿಡುವು. ಎಚ್‌ಎಎಲ್ ತಂಡ 2010ರ ದಶಕದ ಮೊದಲ ವರ್ಷಗಳಲ್ಲಿ ಐ-ಲೀಗಿನ ಮೇಲಿನ ಹಂತದಲ್ಲೂ ಆಡಿತು. ಆಮೇಲೆ ಆ ಬಗೆಯ ನೇಮಕಾತಿ ಸೊರಗುತ್ತ ಬಂತು. ಬೆಂಗಳೂರು ಎಫ್‌ಸಿ 2013ರಲ್ಲಿ ಹುಟ್ಟಿ, ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ನಾವೂ ಗ್ಯಾಲರಿಯಲ್ಲಿ ಕುಣಿದೆವು. ಆದರೆ ಒಂದು ಕ್ಲಬ್ಬು ಎಷ್ಟು ಹುಡುಗರಿಗೆ ಸಂಬಳ ಕೊಡಬಲ್ಲದು? ಉಳಿದವರು ಭಾನುವಾರ ಬೆಳಿಗ್ಗೆ ಹೀಗೆ ಆಡಿ, ಹತ್ತು ಗಂಟೆಗೆ ಬ್ಯಾಗು ಬೆನ್ನಿಗೇರಿಸುತ್ತಾರೆ.

ಮತ್ತೆ ಸೀಟಿ. ಈಗ ನೀರಿನ ಕಡೆಯ ಗೋಲು ನಮ್ಮದು.

ಅವರಿಗೆ ಒಂದು ಥ್ರೋ. ಉದ್ದಕ್ಕೆ ಎಸೆದ ಚೆಂಡು ಒಮ್ಮೆ ಪುಟಿದು ನಮ್ಮ ಬಾಕ್ಸಿನತ್ತ ಬರುತ್ತಿದೆ. ಸ್ಟಾಪರ್, ನಾನು, ಗೋಲಿ ಮೂವರೂ ಅದು ಬಂದು ಸೇರುವ ಜಾಗಕ್ಕೆ ಓಡಿದೆವು. ಅವರ ಫಾರ್ವರ್ಡ್ ಓಡಲಿಲ್ಲ. ಮರಳಿನ ಗುಡ್ಡೆಯ ಪಕ್ಕ ನೀರು ಎಲ್ಲಿ ಆಳವಾಗಿದೆಯೆಂದು ಅವನಿಗೆ ಗೊತ್ತು, ಚಿಕ್ಕಂದಿನಿಂದ ಅದೇ ಹೊಂಡದಲ್ಲಿ ಬಿದ್ದು ಎದ್ದವನು. ಚೆಂಡು ನೀರಿಗೆ ಬಿದ್ದು ಅಲ್ಲೇ ಸತ್ತಿತು. ನಾವು ಮೂವರೂ ಜಾರಿ ಅದನ್ನು ದಾಟಿ ಹೋಗಿದ್ದೇವೆ. ಅವನು ನಡೆದು ಬಂದು, ನೀರಿನ ಸಮೇತ ಒದ್ದ. 1–2.

ಹೀಗೆ ನೆಲ ಬಲ್ಲವನ ಕೈಯಲ್ಲಿ ಸೋಲುವುದಕ್ಕೆ ನನಗೆ ಬೇಸರವಿಲ್ಲ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ಆಡುವ ಹಸಿರು ಹಾಸಿನ ಟರ್ಫುಗಳು ಈಗ ಬಡಾವಣೆಗೊಂದಿವೆ. ಅಲ್ಲಿ ಎಲ್ಲ ಕಡೆಯೂ ಚೆಂಡು ಒಂದೇ ಥರ ಉರುಳುತ್ತದೆ, ಸುತ್ತ ಬಲೆ, ಬಾಗಿಲಿಗೆ ಬೀಗ. ಈ ಮೈದಾನಕ್ಕೆ ಬಾಗಿಲಿಲ್ಲ. ಕಾಸಿಲ್ಲದ ಹುಡುಗ ಒಳಗೆ ಬರಲು ಯಾರನ್ನೂ ಕೇಳಬೇಕಿಲ್ಲ. ಇಂಥ ಜಾಗಗಳ ಮೇಲೆ ಕಟ್ಟಡವೆಬ್ಬಿಸುವ ಮಾತು ಬಂದಾಗೆಲ್ಲ ನಾವು ಎದ್ದು ನಿಂತು ಬೇಡ ಎನ್ನಬೇಕು, ಜೋರಾಗಿಯೇ ಎನ್ನಬೇಕು.

ಏಕೆಂದರೆ ಈ ಕೆಸರಿಗೆ ದೊಡ್ಡ ಚರಿತ್ರೆಯಿದೆ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದಕ್ಕೆ ಮುಂಚೆ ಭಾರತೀಯರ ಯಾವ ನಾಗರಿಕ ತಂಡವೂ ಆ ಕಪ್ ಎತ್ತಿರಲಿಲ್ಲ. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತ ಫ್ರಾನ್ಸಿನ ಎದುರು ಆಡಿತು. ನಮ್ಮವರಲ್ಲಿ ಹೆಚ್ಚಿನವರದು ಬರಿಗಾಲು. ಭಾರತದ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ದೇಶದ ಮೊದಲ ಗೋಲು ಅದು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹೊಡೆಯಿತು, ನಾವು ಒಂದು ಹೊಡೆದೆವು. ಆ ಒಂದನ್ನು ಹೊಡೆದದ್ದೂ ಬೆಂಗಳೂರಿನವರೇ, ಅಹ್ಮದ್ ಖಾನ್. ದೇಶದ ಮೊದಲ ಎರಡು ಒಲಿಂಪಿಕ್ ಗೋಲುಗಳೂ ಈ ಊರಿನ ಕಾಲುಗಳಿಂದ ಬಂದವು. ಮೂರನೆಯದಕ್ಕೆ ಮೆಲ್ಬರ್ನಿನವರೆಗೆ ಕಾಯಬೇಕಾಯಿತು. ಒಲಿಂಪಿಕ್ಸ್ ಆಗ ಹವ್ಯಾಸಿಗಳ ಕೂಟ. ಲೆಕ್ಕದಲ್ಲಿ ರಾಮನ್, ಅಹ್ಮದ್ ಖಾನ್ ಇಬ್ಬರೂ ಹವ್ಯಾಸಿಗಳೇ, ನಮ್ಮ ಮೆಡಿಕಲ್ ಶಾಪಿನವನ ಹಾಗೆ. ನಮ್ಮ ಶಾಲೆಯ ಮಕ್ಕಳಿಗೆ ಈ ಇಬ್ಬರ ಹೆಸರು ಗೊತ್ತಿರಬೇಕಿತ್ತು.

ಕೊನೆಯ ನಾಲ್ಕು ನಿಮಿಷ. ಕಾಲೇಜು ಹುಡುಗನೊಬ್ಬ ಬಾಕ್ಸಿನೊಳಗೆ ತಿರುಗಿದ, ಊಟದ ಬ್ಯಾಗಿನ ಅಣ್ಣ ಕಾಲು ಚಾಚಿದ, ಹುಡುಗ ಬಿದ್ದ. ಬಾಕ್ಸಿನ ಒಳಗೋ ಹೊರಗೋ? ಗೆರೆಯೇ ಇಲ್ಲ. ಹತ್ತು ಜನ ರೆಫರಿಯನ್ನು ಮುತ್ತಿದ್ದಾರೆ. ಅವರು ಬಗ್ಗಿ, ಕೆಸರಿನಲ್ಲಿ ಬೆರಳಾಡಿಸಿ, ಸುಣ್ಣದ ಬಿಳಿ ಹುಡುಕಿ, ಎದ್ದು ಚುಕ್ಕೆಯತ್ತ ಕೈ ತೋರಿಸಿದರು. ಪೆನಾಲ್ಟಿ.

ಬ್ಯಾಂಕಿನ ಗುಮಾಸ್ತ ಚೆಂಡು ಎತ್ತಿಕೊಂಡ. ಮೈದಾನದ ಆ ಮೂಲೆಯ ಟೆನಿಸ್ ಬಾಲ್ ಕ್ರಿಕೆಟಿನವರೂ ಆಟ ನಿಲ್ಲಿಸಿ ನೋಡುತ್ತಿದ್ದಾರೆ. ಐದು ಹೆಜ್ಜೆ ಹಿಂದೆ ಹೋದ. ಓಡಿ ಬಂದ. ಎಡಗಾಲು ಊರಿದ ಕಡೆ ನೆಲ ಜಾರಿತು, ಮೈ ಹಿಂದಕ್ಕೆ ವಾಲಿತು, ಚೆಂಡು ಕಂಬದ ಮೇಲಿನಿಂದ ಹಾರಿ ಚಹಾ ಗಾಡಿಯ ಹಿಂದೆ ಬಿತ್ತು. ಅವರ ಕೂಗಿಗೆ ಮರದ ಕಾಗೆಗಳೆಲ್ಲ ಎದ್ದವು. ಗುಮಾಸ್ತ ಕೂತಲ್ಲೇ ಕೂತಿದ್ದಾನೆ. 1948ರ ಆ ಪಂದ್ಯದಲ್ಲಿ ಭಾರತ ಒಂದಲ್ಲ, ಎರಡು ಪೆನಾಲ್ಟಿ ಕಳೆದುಕೊಂಡಿತ್ತು, 1–2ರಲ್ಲೇ ಸೋತಿತ್ತು. ಇದನ್ನು ಅವನಿಗೆ ಈಗ ಹೇಳಬಾರದು.

ಮೂರು ಸೀಟಿ. ಕೈ ಕುಲುಕುವುದು, ಬೆನ್ನು ತಟ್ಟುವುದು. ಬ್ಯಾಗು ಬೆನ್ನಿಗೇರಿಸಿದ ಅಣ್ಣ ಹೋಗುವ ಮುಂಚೆ ನಮ್ಮ ಹುಡುಗನ ಹತ್ತಿರ ಬಂದು ಅವನ ಕಾಲು ಮುಟ್ಟಿ ನೋಡಿದ. "ನೋವಾಯ್ತಾ ಮಚ್ಚಾ?" ಇಲ್ಲವೆಂದ ಮೇಲೆ ಗಾಡಿ ಸ್ಟಾರ್ಟ್ ಮಾಡಿದ. ಒಂಬತ್ತು ಗಂಟೆಯ ಪಂದ್ಯದವರು ಆಗಲೇ ನಮ್ಮ ಗೋಲಿನಲ್ಲಿ ಶಾಟ್ ಹೊಡೆಯುತ್ತಿದ್ದಾರೆ.

ಮಂಗನ ಟೋಪಿಯವರು ಚಹಾ ಗಾಡಿಯ ಹಿಂದಿನಿಂದ ಚೆಂಡು ತಾವೇ ತಂದರು. ನಮ್ಮ ಗುಮಾಸ್ತನ ಮುಂದೆ ನಿಂತರು.

"ಏಳಪ್ಪಾ."

ಅವನು ಎದ್ದ.

"ಎಡಗಾಲು ಎಲ್ಲಿಟ್ಟೆ?"

"ಜಾರಿತು ಸರ್."

"ಜಾರೋದು ಆಮೇಲೆ. ಚೆಂಡಿನ ಹಿಂದೆ ಇಟ್ಟೆ, ಅದಕ್ಕೆ ಮೇಲೆ ಹೋಯ್ತು. ಪಕ್ಕ ಇಡಬೇಕು. ಹೆಬ್ಬೆಟ್ಟು ಎತ್ತ ನೋಡುತ್ತೋ ಚೆಂಡು ಅತ್ತ ಹೋಗುತ್ತೆ." ಲುಂಗಿ ಎತ್ತಿ ಕಟ್ಟಿ, ಕೆಸರಿನಲ್ಲಿ ತಮ್ಮ ಎಡ ಶೂ ಊರಿ ತೋರಿಸಿದರು. ಮೊಣಕಾಲಿನ ಮೇಲೆ ಹಳೆಯ ಹೊಲಿಗೆಯ ಗುರುತು. "ನೀರಿದ್ದಾಗ ಐದು ಹೆಜ್ಜೆ ಯಾಕೆ? ಮೂರು ಸಾಕು."

ಗುಮಾಸ್ತ ಮೂರು ಹೆಜ್ಜೆ ಹಿಂದೆ ಹೋದ. ಗೆದ್ದ ತಂಡದ ಗೋಲಿ, ಗ್ಲೌಸ್ ಬಿಚ್ಚಿದ್ದವನು, ಮತ್ತೆ ಹಾಕಿಕೊಂಡು ಕಂಬಗಳ ನಡುವೆ ಹೋಗಿ ನಿಂತ. ಮುಂದಿನ ಪಂದ್ಯದವರನ್ನು ಸಣಕಲ ಹುಡುಗ ಕೈ ಅಡ್ಡ ಹಿಡಿದು ತಡೆಯುತ್ತಿದ್ದಾನೆ. ರೆಫರಿ ಗಡಿಯಾರ ತೋರಿಸಿ ಕೂಗುತ್ತಿದ್ದಾರೆ.

"ಅಣ್ಣಾ, ಟೈಮ್ ಆಯ್ತು! ಮೈದಾನ ಬಿಡಿ!"

"ಒಂದೇ ಒಂದು," ಎಂದರು ಅವರು, ತಿರುಗಿ ನೋಡದೆ. "ನೀನು ಹೊಡಿಯಪ್ಪಾ."